ಪೆರಿಯದಲ್ಲಿ ಕೆಲಸ, ಮನೆ ಯಾವೂರಲ್ಲಿ?

ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿ ಕೇರಳದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. 2009ರಲ್ಲಿ ಶುರುವಾದದ್ದು. ಅಲ್ಲಿಯ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಜೂನ್‌ನಲ್ಲಿ ಸೇರಬೇಕು. ನಾವಿರುವುದು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ. ಹಾಗಾಗಿ ಆರ್ಡರ್ ಕೈಗೆ ಬಂದ ದಿನದಿಂದ ಮನೆಯಲ್ಲಿ ಒಂದೇ ಮಾತು: ಮನೆ ಮಾಡುವುದು ಎಲ್ಲಿ?

ಪೆರಿಯ ಸಣ್ಣ ಊರು. ಅದರ ದಕ್ಷಿಣಕ್ಕೆ ಕಾಞಂಗಾಡು, ಸುಮಾರು 13 ಕಿಲೋಮೀಟರ್. ಉತ್ತರಕ್ಕೆ ಕಾಸರಗೋಡು ಪೇಟೆ, ಸುಮಾರು 24. ಅದನ್ನೂ ದಾಟಿದರೆ ಕುಂಬಳೆ, ಉಪ್ಪಳ, ಮಂಜೇಶ್ವರ. ಒಳನಾಡಿನಲ್ಲಿ ಬದಿಯಡ್ಕ. ನೆಂಟರಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಕಾಞಂಗಾಡು ಹತ್ತಿರ, ಅಲ್ಲೇ ಇರಿ ಎಂದರು ಕೆಲವರು. ರೈಲಿದೆಯಲ್ಲ, ಮಂಗಳೂರಿನಲ್ಲೇ ಇದ್ದು ಓಡಾಡಿ ಎಂದರು ಇನ್ನು ಕೆಲವರು.

ಎಲ್ಲರೂ ನನ್ನ ಆಫೀಸಿನ ದೂರವನ್ನೇ ಅಳೆಯುತ್ತಿದ್ದರು. ಆದರೆ ಬೆಳಿಗ್ಗೆ ಹೋಗಿ ಸಂಜೆ ಬರುವವಳು ನಾನೊಬ್ಬಳು. ಇಡೀ ದಿನ ಆ ಊರಿನಲ್ಲಿ ಬದುಕಬೇಕಾದವರು ಅತ್ತೆ, ಮಗಳು ಮತ್ತು ನನ್ನ ಗಂಡ. ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿ ನೋವು, ಸಕ್ಕರೆ ಕಾಯಿಲೆ. ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಮಗಳು ಐದನೇ ತರಗತಿಗೆ ಕಾಲಿಡುತ್ತಿದ್ದಾಳೆ, ಇದುವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಇವರಿಗೆ ಮನೆಯಿಂದಲೇ ಕೆಲಸ, ಆಗಾಗ ಮಂಗಳೂರಿನ ಆಫೀಸಿಗೆ ಹೋಗಬೇಕು. ಹಾಗಾಗಿ ಎಲ್ಲರೂ ಒಟ್ಟಿಗೆ ಹೋಗಿ ಊರು ನೋಡೋಣ ಎಂದು ಹೊರಟೆವು. ಮೇ ಕೊನೆಯ ವಾರ. ಕಾರನ್ನು ಬೇಕೆಂದೇ ಮನೆಯಲ್ಲಿ ಬಿಟ್ಟೆವು. ನಾಳೆ ನಾನು ಬಸ್ಸಿನಲ್ಲಿ ಓಡಾಡುವವಳು, ಬಸ್ಸಿನಿಂದಲೇ ಊರು ನೋಡಬೇಕು ಅನ್ನಿಸಿತು.

ಒಂದು ನಿಯಮ ಮಾಡಿಕೊಂಡೆವು. ಪ್ರತಿ ಊರಿನಲ್ಲೂ ಅತ್ತೆ ಒಬ್ಬರೇ ಅಂಗಡಿಗೆ ಹೋಗಿ ಏನಾದರೂ ತರಬೇಕು. ನಾವು ದೂರ ನಿಂತು ನೋಡುವುದು.

ಸೋಮವಾರ: ಕಾಞಂಗಾಡು

ಮಂಗಳೂರಿನಿಂದ ಬೆಳಗಿನ ರೈಲು. ನೇತ್ರಾವತಿ ಸೇತುವೆ ದಾಟುವಾಗಲೇ ಮಳೆ ಹಿಡಿದಿತ್ತು. ಮಂಜೇಶ್ವರ, ಉಪ್ಪಳ, ಕುಂಬಳೆ ಸ್ಟೇಷನ್‌ಗಳು ಒಂದರ ಹಿಂದೆ ಒಂದು ಹೋದವು. ಕಾಸರಗೋಡು ಬಿಟ್ಟ ಮೇಲೆ ಚಂದ್ರಗಿರಿ ಹೊಳೆ. ಕೊಡಗಿನ ಬೆಟ್ಟದಿಂದ ಬರುವ ನೀರು, ಕೆಂಪಗೆ ತುಂಬಿ ಹರಿಯುತ್ತಿತ್ತು. ಕಳನಾಡಿನ ಹತ್ತಿರ ರೈಲು ಸುರಂಗದೊಳಗೆ ನುಗ್ಗಿದಾಗ ಮಗಳು ಕೂಗಿದಳು. ಹೊರಗೆ ಬಂದು ಸ್ವಲ್ಪ ಹೊತ್ತಿಗೆ ತೆಂಗಿನ ಸಾಲಿನ ಸಂದಿಯಲ್ಲಿ ಕಡಲು ಕಂಡಿತು.

ನಮ್ಮ ಎದುರು ಒಬ್ಬ ಟೀಚರ್ ಕೂತಿದ್ದರು. ಕಾಸರಗೋಡಿನವರು. ನಮ್ಮ ಕಥೆ ಕೇಳಿ ತಲೆ ಅಲ್ಲಾಡಿಸಿದರು. "ಪೆರಿಯಕ್ಕೆ ಹೋಗುವವರಿಗೆ ರೈಲಿನಿಂದ ದೊಡ್ಡ ಉಪಯೋಗ ಇಲ್ಲ ಮೇಡಂ. ರೈಲು ಕಡಲ ಬದಿಯಲ್ಲಿ ಹೋಗ್ತದೆ. ಪೆರಿಯ ಇರುವುದು ಮೇಲೆ, ಹೈವೇಯಲ್ಲಿ. ಇಳಿದ ಮೇಲೆ ಪುನಃ ಬಸ್ಸು ಹತ್ತಬೇಕು." ಮ್ಯಾಪಿನಲ್ಲಿ ಎಷ್ಟು ಸಲ ನೋಡಿದ್ದರೂ ಇದು ನನಗೆ ಹೊಳೆದಿರಲಿಲ್ಲ. ಮಂಗಳೂರಿನಿಂದ ಓಡಾಡುವ ಯೋಚನೆ ಅಲ್ಲಿಗೇ ಮುಗಿಯಿತು. ಅವರು ಇನ್ನೊಂದು ಮಾತನ್ನೂ ಹೇಳಿದರು. ಕಾಸರಗೋಡಿನಿಂದ ಕಾಞಂಗಾಡಿಗೆ ಬಸ್ಸು ಹೋಗುವುದು ಎರಡು ದಾರಿಯಲ್ಲಿ. ಒಂದು ಚಂದ್ರಗಿರಿ, ಉದುಮ, ಬೇಕಲದ ಮೇಲೆ. ಇನ್ನೊಂದು ಚೆರ್ಕಳ, ಪೊಯಿನಾಚಿಯ ಮೇಲೆ ಹೈವೇಯಲ್ಲಿ. ಪೆರಿಯ ಸಿಗುವುದು ಎರಡನೆಯದರಲ್ಲಿ ಮಾತ್ರ. ಬೋರ್ಡು ನೋಡಿದರೆ ಸಾಲದು, ಕಂಡಕ್ಟರನ್ನು ಕೇಳಿಯೇ ಹತ್ತಬೇಕು.

ಕಾಞಂಗಾಡು ದೊಡ್ಡ ಪೇಟೆ. ಬಟ್ಟೆ ಅಂಗಡಿ, ಬಂಗಾರದ ಅಂಗಡಿ, ಆಸ್ಪತ್ರೆ, ಎಲ್ಲಾ ಇದೆ. ಹೋಟೆಲಿನಲ್ಲಿ ಬಿಸಿ ಪುಟ್ಟು, ಕಡಲೆ ಸಾರು. ಅತ್ತೆ ಬಾಳೆಹಣ್ಣು ಕಿವುಚಿಕೊಂಡು ತಿಂದರು. ಮಗಳು ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ಇನ್ನೂ ಒಂದು ಬೇಕು ಅಂದಳು.

ಅಲ್ಲಿಂದ ಮಾವುಂಗಾಲ್ ಮೇಲೆ ಪೆರಿಯಕ್ಕೆ ಬಸ್ಸು. ಅರ್ಧ ಗಂಟೆ ಕೂಡ ಆಗಲಿಲ್ಲ. ವಿಶ್ವವಿದ್ಯಾಲಯ ಇರುವುದು ಮುರಕಲ್ಲಿನ ಗುಡ್ಡದ ಮೇಲೆ. ಮರ ಕಡಿಮೆ, ಆಕಾಶ ಜಾಸ್ತಿ. ಮಳೆ ನೀರು ಕೆಂಪು ಕಲ್ಲಿನ ಮೇಲೆ ನಿಲ್ಲದೆ ಹರಿದು ಹೋಗುತ್ತಿತ್ತು. ಗಾಳಿಗೆ ಇವರ ಕೊಡೆ ಮಗುಚಿ ಎರಡು ಕಡ್ಡಿ ಮುರಿಯಿತು. ನಾಳೆ ನಾನು ಕೆಲಸ ಮಾಡುವ ಜಾಗ ಅಂತ ನೋಡುವಾಗ ಮನಸ್ಸು ತುಂಬಿ ಬಂತು. ಗೇಟಿನ ಹತ್ತಿರ ಇದ್ದ ಕಾವಲಿನವರು ತಮಗೆ ಬರುವಷ್ಟು ಕನ್ನಡದಲ್ಲಿ ಹೇಳಿದರು. "ಇಲ್ಲಿಯವರು ಸುಮಾರು ಜನ ಕಾಞಂಗಾಡಲ್ಲೇ ಇರುದು. ಅದೇ ಸುಖ."

ನನ್ನ ಒಬ್ಬಳ ಮಟ್ಟಿಗೆ ಅದು ನಿಜ. ವಾಪಸ್ ಬಂದು ಕೋಟಚ್ಚೇರಿಯ ಒಂದು ದಿನಸಿ ಅಂಗಡಿಗೆ ಅತ್ತೆಯನ್ನು ಕಳಿಸಿದೆವು. ಅಂಗಡಿಯವರು ಒಳ್ಳೆಯ ಜನ. ಅತ್ತೆ ಕೇಳಿದ್ದು ಅವರಿಗೆ ತಿಳಿಯಲಿಲ್ಲ, ಅವರು ಹೇಳಿದ್ದು ಅತ್ತೆಗೆ ತಿಳಿಯಲಿಲ್ಲ. ಕುರ್ಚಿ ಹಾಕಿ ಕೂರಿಸಿದರು. ಒಳಗಿನಿಂದ ಒಬ್ಬ ಹುಡುಗನನ್ನು ಕರೆದರು. ಅವನು ಬೆಂಗಳೂರಿನ ಬೇಕರಿಯಲ್ಲಿ ಕೆಲಸ ಮಾಡಿದವನಂತೆ. ಅವನು ಬಂದ ಮೇಲೆ ಅತ್ತೆಗೆ ತೊಗರಿಬೇಳೆ ಸಿಕ್ಕಿತು. ಹೊರಗೆ ಬಂದವರು, "ಪಾಪ, ಅಷ್ಟು ಮರ್ಯಾದೆ ಮಾಡಿದ್ರು. ಆದ್ರೆ ದಿನಾ ಆ ಹುಡುಗನ್ನ ಕರೆಸ್ಲಿಕ್ಕೆ ಆಗ್ತದಾ?" ಅಂದರು.

ಶಾಲೆಯದ್ದೂ ಅದೇ ಕಷ್ಟ. ಚಂದ್ರಗಿರಿ ದಾಟಿ ದಕ್ಷಿಣಕ್ಕೆ ಬಂದರೆ ಕನ್ನಡ ಮಾಧ್ಯಮದ ಶಾಲೆಗಾಗಿ ಹುಡುಕಾಡಬೇಕು. ನಾವು ಕೇಳಿದ ಆಟೋದವರು ನಿಲ್ದಾಣದ ಬೇರೆ ಆಟೋದವರನ್ನೆಲ್ಲ ವಿಚಾರಿಸಿ, ಕೊನೆಗೆ "ಕಾಸರಗೋಡು" ಎಂದು ಉತ್ತರ ದಿಕ್ಕಿಗೆ ಕೈ ತೋರಿಸಿದರು.

ಸಂಜೆ ಹೊಸದುರ್ಗ ಕೋಟೆಗೆ ಹೋದೆವು. ದುಂಡನೆಯ ಕೊತ್ತಳಗಳು ಅಲ್ಲಲ್ಲಿ ಉಳಿದಿವೆ, ಮಧ್ಯದಲ್ಲಿ ಹುಲ್ಲು. ಇದನ್ನು ಕಟ್ಟಿಸಿದವರು ನಮ್ಮ ಕೆಳದಿಯ ನಾಯಕರು. ಬೇಕಲ ಕೋಟೆ, ಚಂದ್ರಗಿರಿ ಕೋಟೆ ಕೂಡ ಅವರವೇ. ಮಗಳು ಶಾಲೆಯಿಂದ ಕೆಳದಿಗೆ ಹೋಗಿ ಬಂದಿದ್ದಳು. "ಅಷ್ಟು ದೂರದಿಂದ ಇಲ್ಲಿಗೆ ಬಂದಿದ್ರಾ!" ಎಂದು ಗೋಡೆ ಮುಟ್ಟಿ ಮುಟ್ಟಿ ನೋಡಿದಳು. ಸಾಗರದ ಮಗುವಿಗೆ ಕಾಞಂಗಾಡಿನಲ್ಲಿ ತನ್ನೂರಿನ ಗುರುತು ಸಿಕ್ಕಿದ್ದು ನನಗೂ ಸಮಾಧಾನ ಕೊಟ್ಟಿತು.

ಕಡಲ ಬದಿಯ ಬಸ್ಸಿನಲ್ಲಿ ರಾತ್ರಿ ಕಾಸರಗೋಡಿಗೆ ಬಂದೆವು.

ಮಂಗಳವಾರ: ಕಾಸರಗೋಡು ಪೇಟೆ

ಇಲ್ಲಿ ಬಾಡಿಗೆ ಮನೆಗೆ ಕ್ವಾರ್ಟರ್ಸ್ ಅಂತಾರೆ. ಸರಕಾರದ್ದಲ್ಲ, ಒಬ್ಬರೇ ಮಾಲೀಕರು ಸಾಲಾಗಿ ಅಥವಾ ಮಾಳಿಗೆ ಮೇಲೆ ಮಾಳಿಗೆಯಾಗಿ ಕಟ್ಟಿಸಿದ ಬಾಡಿಗೆ ಮನೆಗಳು. "ಕ್ವಾರ್ಟರ್ಸ್ ಉಂಟಾ?" ಎಂದು ಕೇಳಿದರೆ ಸಾಕು, ಚಹಾದ ಅಂಗಡಿಯವರೂ ದಾರಿ ಹೇಳುತ್ತಾರೆ.

ಪೇಟೆಯೊಳಗೆ ನೋಡಿದ ಮನೆಗಳು ಮನಸ್ಸಿಗೆ ಹಿಡಿಸಲಿಲ್ಲ. ಒಂದರಲ್ಲಿ ಹಗಲಲ್ಲೂ ಲೈಟು ಹಾಕಬೇಕು. ಇನ್ನೊಂದಕ್ಕೆ ಹತ್ತುವ ಮೆಟ್ಟಿಲು ಅತ್ತೆಯ ಮಂಡಿಗೆ ಆಗುವುದಿಲ್ಲ. ಮೂರನೆಯದರ ಮಾಲೀಕರು ಹತ್ತು ಗಂಟೆಗೆ ಬರುತ್ತೇನೆ ಎಂದವರು ಬರಲೇ ಇಲ್ಲ. ಜಗಲಿಯಲ್ಲಿ ಮಳೆ ನೋಡುತ್ತಾ ಕೂತೆವು. ಪಕ್ಕದ ಮನೆಯ ಅಮ್ಮ ಕರೆದು ಕಾಫಿ ಕೊಟ್ಟರು. ಅವರ ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ, ಕೆಲಸದವಳ ಹತ್ತಿರ ತುಳು, ಗ್ಯಾಸಿನವನ ಹತ್ತಿರ ಮಲಯಾಳಂ. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಎಂದು ಯಾಕೆ ಕರೆಯುತ್ತಾರೆ ಎಂಬುದು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಕಣ್ಣೆದುರು ಕಂಡಿತು.

ಮನೆ ನೋಡುವವರು ಕೇಳಬೇಕಾದ ದೊಡ್ಡ ಪ್ರಶ್ನೆಯನ್ನು ಹೇಳಿಕೊಟ್ಟದ್ದೂ ಅವರೇ. "ನೀರು ಎಲ್ಲಿಂದ ಅಂತ ಮೊದಲು ಕೇಳಿ. ನಳ್ಳಿ ನೀರು ನಂಬಿ ಬರಬೇಡಿ." ಪೇಟೆಗೆ ಕುಡಿಯುವ ನೀರು ಬರುವುದು ಚಂದ್ರಗಿರಿ ಹೊಳೆಯ ಬದಿಯ ಬಾವಿಕ್ಕೆರೆಯಿಂದ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಕಡಲಿನ ಉಪ್ಪುನೀರು ಮೇಲೆ ಬಂದು, ವರ್ಷಗಟ್ಟಲೆ ಇಲ್ಲಿಯ ಜನ ಉಪ್ಪು ನೀರು ಕುಡಿದಿದ್ದಾರೆ. ಅಲ್ಲಿ ತಡೆಗೋಡೆ ಕಟ್ಟಿ 2021ರಲ್ಲಿ ಮುಗಿಸಿದ ಮೇಲೆ ಪರವಾಗಿಲ್ಲವಂತೆ. ಆದರೂ ಸ್ವಂತ ಬಾವಿ ಇರುವ ಮನೆಯೇ ಒಳ್ಳೆಯದು ಎಂದರು. ಅದನ್ನು ನೋಡಲು ಮೇ ತಿಂಗಳೇ ಸರಿ. ಮಳೆ ಜೋರಾಗುವ ಮುಂಚೆ ಬಾವಿಗೆ ಇಣುಕಿದರೆ ಅದರ ನಿಜವಾದ ಆಳ ಗೊತ್ತಾಗುತ್ತದೆ. ಜುಲೈನಲ್ಲಿ ನೋಡಿದರೆ ಎಲ್ಲಾ ಬಾವಿಯೂ ತುಂಬಿರುತ್ತದೆ, ಅಲ್ವಾ?

ಮಧ್ಯಾಹ್ನ ಅತ್ತೆಯ ಪಾಳಿ. ಬ್ಯಾಂಕ್ ರೋಡಿನ ಔಷಧಿ ಅಂಗಡಿಗೆ ಚೀಟಿ ಹಿಡಿದು ಹೋದರು. ಕನ್ನಡದಲ್ಲೇ ಮಾತಾಡಿ, ಮಾತ್ರೆ ತಗೊಂಡು, ಯಾವ ಡಾಕ್ಟರು ಸಕ್ಕರೆ ಕಾಯಿಲೆಗೆ ಚೆನ್ನಾಗಿ ನೋಡುತ್ತಾರೆ ಎಂದೂ ವಿಚಾರಿಸಿಕೊಂಡು ಬಂದರು. ಬೋರ್ಡುಗಳಲ್ಲಿ ಮಲಯಾಳಂ ಜೊತೆ ಕನ್ನಡವೂ ಅಲ್ಲಲ್ಲಿ ಇದೆ. ಅತ್ತೆ ಅವನ್ನು ಓದುತ್ತಾ ನಡೆದರು.

ಬುಧವಾರ: ಮಂಜೇಶ್ವರ, ಉಪ್ಪಳ, ಕುಂಬಳೆ

ಇದು ಇವರ ಇಷ್ಟದ ದಿಕ್ಕು. ಮಂಗಳೂರಿಗೆ ಹತ್ತಿರ. ದೊಡ್ಡ ಕಾಯಿಲೆ ಬಂದರೆ ಜಿಲ್ಲೆಯವರೆಲ್ಲ ಓಡುವುದೂ ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳಿಗೇ. ಆರು ಲೇನಿನ ಹೈವೇಯಲ್ಲಿ ಬಸ್ಸು ಓಡಿದ್ದೇ ತಿಳಿಯಲಿಲ್ಲ. ಆದರೆ ಸರ್ವಿಸ್ ರಸ್ತೆಗೆ ಇಳಿದರೆ ಬೇರೆಯೇ ಲೋಕ. ಉಪ್ಪಳದ ಹತ್ತಿರ ನೀರು ಪಾದ ಮುಳುಗುವಷ್ಟು ನಿಂತಿತ್ತು. ಆಚೆ ಬದಿಯ ಬಸ್ ಸ್ಟಾಪಿಗೆ ಹೋಗಲು ಕೆಳದಾರಿ ಎಲ್ಲಿದೆ ಎಂದು ಹುಡುಕಿಕೊಂಡು ಬಹಳ ದೂರ ನಡೆಯಬೇಕಾಯಿತು. ಅತ್ತೆಯ ಸೀರೆ ಮೊಣಕಾಲಿನವರೆಗೆ ಒದ್ದೆ. ಹೈವೇ ಪಕ್ಕ ಮನೆ ನೋಡುವವರು ಈ ದಾಟುವ ಜಾಗವನ್ನು ನೋಡಿಯೇ ಮುಂದುವರಿಯಬೇಕು. ಮನೆ ರಸ್ತೆಗೆ ಹತ್ತಿರ ಇದ್ದರೂ ಬೇಕಾದ ಬಸ್ಸು ಆ ಬದಿಯಲ್ಲಿ ನಿಲ್ಲುತ್ತದೆ.

ಹೊಸಂಗಡಿಯಲ್ಲಿ ಗೋಳಿಬಜೆ ತಿನ್ನುತ್ತಾ ಹೋಟೆಲಿನವರ ಹತ್ತಿರ ಮಾತಿಗೆ ಕೂತೆವು. "ಮಂಗಳೂರು ಹತ್ತಿರ ಅಂತ ಎಲ್ಲರೂ ಹೇಳ್ತಾರೆ. 2020ರಲ್ಲಿ ತಲಪಾಡಿಯಲ್ಲಿ ಮಣ್ಣು ಹಾಕಿ ರಸ್ತೆ ಮುಚ್ಚಿದಾಗ ಅದೇ ಮಂಗಳೂರು ಎಷ್ಟು ದೂರ ಆಯ್ತು ಗೊತ್ತುಂಟಾ ಮಾರಾಯ್ರೆ" ಎಂದರು ಅವರು. ಕೊರೊನಾ ಕಾಲದಲ್ಲಿ ಗಡಿ ಮುಚ್ಚಿ, ಆಂಬುಲೆನ್ಸಿನಲ್ಲಿದ್ದವರೂ ದಾಟಲಾಗದೆ ಜೀವ ಕಳೆದುಕೊಂಡದ್ದನ್ನು ನಾವು ಪತ್ರಿಕೆಯಲ್ಲಿ ಓದಿದ್ದೆವು. ಅವರ ಮನೆಯ ಹತ್ತಿರವೇ ಡಯಾಲಿಸಿಸ್‌ಗೆ ಮಂಗಳೂರನ್ನೇ ನಂಬಿದ್ದವರೊಬ್ಬರು ಇದ್ದರಂತೆ. ಆ ಮಾತು ಹೇಳಿ ಅವರು ಸುಮ್ಮನಾದರು. ನಾವೂ ಸುಮ್ಮನಾದೆವು. ಗಡಿಯ ಊರಿನಲ್ಲಿ ಮನೆ ಮಾಡುವವರು ಇದನ್ನು ಮರೆಯಬಾರದು ಅನ್ನಿಸಿತು ನನಗೆ. ಈಗ ಬದಿಯಡ್ಕದಾಚೆ ಉಕ್ಕಿನಡ್ಕದಲ್ಲಿ ಕಾಸರಗೋಡಿನದೇ ಮೆಡಿಕಲ್ ಕಾಲೇಜು ಇದೆ. ಅದು ಬೇಗ ಬೆಳೆಯಲಿ ಎಂದು ಇಲ್ಲಿಯ ಪ್ರತಿಯೊಬ್ಬರೂ ಬಯಸುವುದರಲ್ಲಿ ಆಶ್ಚರ್ಯ ಇಲ್ಲ.

ಕುಂಬಳೆಯಲ್ಲಿ ಅತ್ತೆಯ ಮುಖ ಅರಳಿತು. ಹೂವಿನ ಅಂಗಡಿಯಲ್ಲಿ ಅರ್ಧ ಗಂಟೆ ಮಾತಾಡಿದರು. ಅಲ್ಲಿಂದ ಆಟೋ ಮಾಡಿಕೊಂಡು ಅನಂತಪುರಕ್ಕೆ ಹೋದೆವು. ಕೆರೆಯ ಮಧ್ಯದಲ್ಲಿ ಗುಡಿ, ಸುತ್ತ ಮುರಕಲ್ಲಿನ ಬಯಲು. ಬಬಿಯಾ ಎಂಬ ಮೊಸಳೆ ಇದ್ದದ್ದು ಇದೇ ಕೆರೆಯಲ್ಲಿ. ಅದು 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರು ವರ್ಷವೇ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಮಗಳು ಬಹಳ ಹೊತ್ತು ಕಾದಳು. ಕಾಣಲಿಲ್ಲ.

ಊರು ಚೆಂದ, ಭಾಷೆ ನಮ್ಮದು. ಆದರೆ ಕುಂಬಳೆಯಿಂದ ಪೆರಿಯಕ್ಕೆ ಕಾಸರಗೋಡು ದಾಟಿ ಹೋಗಬೇಕು, 36 ಕಿಲೋಮೀಟರ್ ಹತ್ತಿರ. ಉಪ್ಪಳ, ಮಂಜೇಶ್ವರ ಅದಕ್ಕಿಂತ ದೂರ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆದರೆ ಮಗಳ ಹೋಂವರ್ಕ್ ನೋಡುವುದು ಯಾವಾಗ? ಇವರೇ ಮೊದಲು ಬೇಡ ಎಂದರು.

ಗುರುವಾರ: ಬದಿಯಡ್ಕ

ಸಾಗರದ ಗೆಳತಿಯ ಚಿಕ್ಕಪ್ಪನ ಮನೆ ಬದಿಯಡ್ಕದಿಂದ ಒಳಗಿದೆ. ಅಲ್ಲಿಗೆ ಊಟಕ್ಕೆ ಕರೆದಿದ್ದರು. ಬಸ್ಸು ಹೈವೇ ಬಿಟ್ಟು ಒಳಗೆ ತಿರುಗಿದ್ದೇ ತಡ, ಅಡಿಕೆ ತೋಟ, ಗುಡ್ಡ, ಹಳ್ಳ, ಹಸಿ ಮಣ್ಣಿನ ವಾಸನೆ. "ನಮ್ಮೂರಿಗೇ ಬಂದ ಹಾಗಾಯ್ತಲ್ಲೇ" ಎಂದರು ಅತ್ತೆ. ನೀರ್ಚಾಲಿನಲ್ಲಿ ಒಂದು ತಂಡ ಮಕ್ಕಳು ಬಸ್ಸು ಹತ್ತಿದರು. ಅವರ ಗಲಾಟೆ ಪೂರ್ತಿ ಕನ್ನಡ, ತುಳು. ಮಗಳು ಅವರಲ್ಲಿ ಒಬ್ಬಳ ಜೊತೆ ಆಗಲೇ ಮಾತು ಶುರು ಮಾಡಿದ್ದಳು.

ಬದಿಯಡ್ಕದಿಂದ ಜೀಪು. ಕೊನೆಯ ಏರಿನಲ್ಲಿ ಚಕ್ರ ಕೆಸರಿನಲ್ಲಿ ಹೂತು ಹೋಯಿತು. ಎಲ್ಲರೂ ಇಳಿದೆವು. ತೋಟದಲ್ಲಿದ್ದವರು ನಾಲ್ಕು ಜನ ಓಡಿ ಬಂದು, ಒಣ ಸೋಗೆ ಹಾಕಿ ತಳ್ಳಿದರು. ಜೀಪಿನ ಅಣ್ಣ ಸ್ವಲ್ಪವೂ ಬೇಸರ ಮಾಡದೆ "ಮಳೆಗಾಲ ಮುಗಿಯುವವರೆಗೆ ಇದು ಇದ್ದದ್ದೇ ಅಕ್ಕ" ಎಂದ.

ಊಟ ಈಗಲೂ ಬಾಯಲ್ಲಿದೆ. ಒಂದೆಲಗದ ತಂಬುಳಿ, ಮಾವಿನ ಹಣ್ಣಿನ ಗೊಜ್ಜು, ಸೌತೆಕಾಯಿ ಮೇಲಾರ, ಆಗ ತಾನೇ ಕರಿದ ಹಲಸಿನ ಹಪ್ಪಳ. ಬಾಳೆಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಕೊಟ್ಟಿಗೆ ಎಂಬ ಕಡುಬಿಗೆ ತುಪ್ಪ ಹಾಕಿ ಕೊಟ್ಟರು. ಅತ್ತೆ ಸಕ್ಕರೆ ಕಾಯಿಲೆ ಎಂದು ಬೇಡ ಬೇಡ ಎನ್ನುತ್ತಾ ಒಂದು ತುಂಡು ತಿಂದರು.

ಊಟ ಆದ ಮೇಲೆ ಆ ಚಿಕ್ಕಪ್ಪ ನಮಗೆ ಸುರಂಗ ತೋರಿಸಿದರು. ಈ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಆಳೆತ್ತರ, ಒಬ್ಬ ಮನುಷ್ಯ ನುಗ್ಗುವಷ್ಟು ಅಗಲ. ಮುರಕಲ್ಲನ್ನು ಕೈಯಲ್ಲೇ ಅಗೆಯುತ್ತಾ ಒಳಗೆ ಹೋಗುತ್ತಾರೆ. ನೀರಿನ ಒರತೆ ಸಿಕ್ಕಿದ ಮೇಲೆ ಅದು ತಾನಾಗಿ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. "ಒಳಗೆ ದೀಪ ಹಿಡ್ಕೊಂಡು ಹೋಗ್ತಿದ್ರು. ದೀಪ ಆರಿದ್ರೆ ಉಸಿರಿಗೆ ಗಾಳಿ ಸಾಲ್ದು ಅಂತ ಲೆಕ್ಕ, ಕೂಡ್ಲೇ ಹೊರಗೆ" ಎಂದು ಅವರು ವಿವರಿಸಿದರು. ಮಗಳು ಬಾಯಿ ತೆರೆದು ಕೇಳುತ್ತಿದ್ದಳು. ತಣ್ಣಗಿನ ಆ ನೀರನ್ನು ಬೊಗಸೆಯಲ್ಲಿ ಕುಡಿದೆವು.

ನೀರಿನ ಮಾತು ಬಂದಾಗ ನಾನು ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಕೇಳಿದೆ. ಮಗುವನ್ನು ಕರೆದುಕೊಂಡು ಬರುವ ತಾಯಿ ಕೇಳದೆ ಇರಲು ಆಗುವುದಿಲ್ಲ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸುವುದು 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನೇ ದೇಶದಲ್ಲಿ ನಿಷೇಧಿಸಿತು. "ಆದ್ರೆ ಎಣ್ಮಕಜೆ, ಪಡ್ರೆ ಕಡೆ ಹಾಸಿಗೆ ಹಿಡಿದ ಮಕ್ಕಳನ್ನು ನೋಡ್ಕೊಂಡಿರುವ ಅಮ್ಮಂದಿರಿಗೆ ಯಾವುದೂ ನಿಲ್ಲಲಿಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿತ್ತು. ಹೊಸದಾಗಿ ಬರುವ ನಾವು ಈ ನೆಲದ ಈ ನೋವನ್ನು ತಿಳಿದುಕೊಂಡೇ ಬರಬೇಕು ಅನ್ನಿಸಿತು.

ಮನಸ್ಸು ಬದಿಯಡ್ಕಕ್ಕೇ ಅಂಟಿಕೊಂಡಿತು. ಪೇಟೆಯಲ್ಲಿ ಒಂದು ಮನೆಯೂ ನೋಡಿದೆವು, 7,000 ರೂಪಾಯಿ ಬಾಡಿಗೆ, ಮುಂದೆ ಅಂಗಳ, ಬಾವಿ. ಅತ್ತೆ ಅಂಗಡಿಗೆ ಹೋಗಿ ಬಂದದ್ದೂ ಗೊತ್ತಾಗಲಿಲ್ಲ, ಅಷ್ಟು ಸಲೀಸು. ಆದರೆ ಇಲ್ಲಿಂದ ಪೆರಿಯಕ್ಕೆ ಚೆರ್ಕಳದಲ್ಲಿ ಇಳಿದು ಬಸ್ ಬದಲಿಸಬೇಕು. ಸಂಜೆ ಆರರ ಮೇಲೆ ಒಳದಾರಿಗಳಿಗೆ ಬಸ್ಸು ಕಡಿಮೆ. ಅಂದು ವಾಪಸ್ ಬರುವಾಗಲೇ ರಸ್ತೆಗೆ ಮರ ಬಿದ್ದು ಮುಕ್ಕಾಲು ಗಂಟೆ ನಿಂತೆವು. ಬಸ್ಸಿನಲ್ಲಿದ್ದವರೇ ಇಳಿದು ಕೊಂಬೆ ಎಳೆದು ಹಾಕಿದರು. ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಒಂದೇ ಯೋಚನೆ: ಮಗಳು ಜ್ವರ ಬಂದು ಮಲಗಿದ ದಿನ ನಾನು ಚೆರ್ಕಳದಲ್ಲಿ ಹೀಗೆ ನಿಂತಿದ್ದರೆ? ಚೆರ್ಕಳದ ಈಚೆ, ಕಾಸರಗೋಡಿನ ಹೊರಗೆ, ಹೈವೇ ಬದಿಯಲ್ಲಿ ಒಂದು ಮನೆ ಸಿಕ್ಕಿದರೆ ಎಂದು ಮೊದಲ ಸಲ ಸ್ಪಷ್ಟವಾಗಿ ಹೊಳೆದದ್ದು ಆಗ.

ಶುಕ್ರವಾರ: ವಿದ್ಯಾನಗರ

ವಿದ್ಯಾನಗರ ಕಾಸರಗೋಡು ಪೇಟೆಯಿಂದ ಸ್ವಲ್ಪ ಹೊರಗೆ, ಚೆರ್ಕಳದ ದಾರಿಯಲ್ಲಿದೆ. ಜಿಲ್ಲಾಧಿಕಾರಿ ಕಚೇರಿ, ಸರಕಾರಿ ಕಾಲೇಜು ಇರುವ ಜಾಗ. ಪೆರಿಯಕ್ಕೆ ಹೋಗುವ ಬಸ್ಸು ಇಲ್ಲಿಯೇ ಸಿಗುತ್ತದೆ, ಪೇಟೆಯ ನಿಲ್ದಾಣಕ್ಕೆ ಹೋಗಬೇಕಿಲ್ಲ.

ಬೆಳಿಗ್ಗೆ ನಾನೊಬ್ಬಳೇ ಆಫೀಸಿಗೆ ಹೋಗುವ ಹೊತ್ತಿಗೆ ಬಸ್ಸು ಹತ್ತಿದೆ. ಭಾನುವಾರ ಖಾಲಿ ರಸ್ತೆಯಲ್ಲಿ ಹೋಗಿ ನೋಡಿದರೆ ಏನೂ ತಿಳಿಯುವುದಿಲ್ಲ. ಧೋ ಅಂತ ಮಳೆ. ಬಸ್ಸಿನ ಟರ್ಪಾಲು ಇಳಿಸಿದ್ದರು, ಒಳಗೆ ಕತ್ತಲು, ಬೆವರು. ಚಟ್ಟಂಚಾಲ್, ಪೊಯಿನಾಚಿ, ಪೆರಿಯಾಟ್ಟಡ್ಕ. ಪೆರಿಯದಲ್ಲಿ ಇಳಿದಾಗ ಒಂದು ಗಂಟೆಗೆ ಸ್ವಲ್ಪ ಕಡಿಮೆ. ಪಕ್ಕದಲ್ಲಿ ಕೂತವಳು ಬಿಎಡ್ ಓದುವ ಹುಡುಗಿ, ಮುಳ್ಳೇರಿಯದವಳು. "ಮಳೆ ಕಮ್ಮಿ ಆದ್ರೆ ಮುಕ್ಕಾಲು ಗಂಟೆ ಸಾಕು ಅಕ್ಕ" ಎಂದು ಧೈರ್ಯ ಹೇಳಿದಳು.

ನಾನು ವಾಪಸ್ ಬರುವಷ್ಟರಲ್ಲಿ ಇಲ್ಲಿ ಕೆಲಸ ನಡೆದಿತ್ತು. ಒಳರಸ್ತೆಯ ಒಂದು ಮನೆಯನ್ನು ಇವರು ನೋಡಿದ್ದರು. ನೆಲ ಅಂತಸ್ತು, ಎರಡು ಕೋಣೆ, ಹಿಂದೆ ಬಾವಿ. ಮಾಲೀಕರು ನಿವೃತ್ತ ಮಾಸ್ಟ್ರು, ಮೇಲೆ ಅವರದೇ ಮನೆ. ಬಾಡಿಗೆ 9,500, ಅಡ್ವಾನ್ಸು 50,000. ಬಾವಿಯಲ್ಲಿ ನೀರು ಇತ್ತು. ಅತ್ತೆ ತಾವೇ ಬೀದಿಯ ಕೊನೆಯ ಅಂಗಡಿಗೆ ಹೋಗಿ ತೆಂಗಿನಕಾಯಿ, ವೀಳ್ಯದೆಲೆ ತಂದಿದ್ದರು. ಅಂಗಡಿಯವರು ಮಲಯಾಳಿ ಮುಸ್ಲಿಮರು. ಕನ್ನಡ ಚೆನ್ನಾಗಿ ಮಾತಾಡುತ್ತಾರಂತೆ. ಕಾಯಿ ತಟ್ಟಿ ನೋಡಿ ಆರಿಸಿ ಕೊಟ್ಟು, "ಮೊಮ್ಮಗಳ ಹತ್ರ ಹೇಳಿ ಕಳಿಸಿದ್ರೂ ಸಾಕು ಅಮ್ಮ" ಎಂದರಂತೆ. ಅತ್ತೆಗೆ ಮನೆಗಿಂತ ಮೊದಲು ಆ ಅಂಗಡಿ ಹಿಡಿಸಿತು.

ಮಾಸ್ಟ್ರು ಶಾಲೆಯ ವಿಷಯ ಕೂರಿಸಿಕೊಂಡು ಹೇಳಿದರು. ಕೇರಳದಲ್ಲಿ ನಾಲ್ಕನೆಯವರೆಗೆ ಎಲ್‌ಪಿ, ಅಂದರೆ ಕಿರಿಯ ಪ್ರಾಥಮಿಕ; ಐದರಿಂದ ಏಳು ಯುಪಿ, ಅಂದರೆ ಹಿರಿಯ ಪ್ರಾಥಮಿಕ. ಮಗಳಿಗೆ ಬೇಕಾದದ್ದು ಯುಪಿ ಇರುವ ಶಾಲೆ. ಕನ್ನಡ ಮಾಧ್ಯಮ ಎಂದು ಬೋರ್ಡಿದ್ದರೆ ಸಾಲದು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕಿದ್ದಕ್ಕೆ ಈ ಜಿಲ್ಲೆಯಲ್ಲಿ ಮಕ್ಕಳು, ಪೋಷಕರು ಹೋರಾಟ ಮಾಡಿದ್ದಾರೆ. "ಲೆಕ್ಕ ಯಾರು ತಗೊಳ್ತಾರೆ, ವಿಜ್ಞಾನ ಯಾರು, ಅವರಿಗೆ ಕನ್ನಡ ಬರ್ತದಾ, ಎಲ್ಲಾ ಕೇಳಿ. ಕೇಳುವುದು ನಿಮ್ಮ ಹಕ್ಕು." 2017ರ ಕಾನೂನಿನಿಂದ ರಾಜ್ಯದ ಶಾಲೆಗಳಲ್ಲಿ ಹತ್ತನೆಯವರೆಗೆ ಮಲಯಾಳಂ ಕಲಿಕೆ ಕಡ್ಡಾಯವಾಗಿದೆ. ಅದರ ವಿರುದ್ಧ ಕನ್ನಡಿಗರು ಬೀದಿಗೆ ಇಳಿದಾಗ ಮಾಸ್ಟ್ರೂ ಇದ್ದರಂತೆ. ಆದರೆ ಮಗಳಿಗೆ ಅವರು ಹೇಳಿದ್ದು ಬೇರೆ. "ನೀನು ಮಲಯಾಳಂ ಚೆನ್ನಾಗಿ ಕಲಿ ಮಗಾ. ಕನ್ನಡ ಬಿಡಬೇಡ, ಅಷ್ಟೇ." ನನಗೆ ಅವರ ಎರಡೂ ನಿಲುವು ಸರಿ ಅನ್ನಿಸುತ್ತದೆ. ಕನ್ನಡ ಇಲ್ಲಿ ಹೊರಗಿನಿಂದ ಬಂದದ್ದಲ್ಲ. 1956ರ ನವೆಂಬರ್ 1ಕ್ಕೆ ಗಡಿ ಬದಲಾಯಿತು, ಮನೆಗಳು ಇದ್ದಲ್ಲೇ ಇದ್ದವು. ಆ ಹಕ್ಕು ಉಳಿಯಬೇಕು. ಜೊತೆಗೆ ಮಗಳು ಪಕ್ಕದ ಮನೆಯ ಮಗುವಿನ ಭಾಷೆಯನ್ನೂ ಆಡಬೇಕು.

ಮಧ್ಯಾಹ್ನ ಶಾಲೆಗೆ ಹೋಗಿ, ಹೇಳಿಕೊಟ್ಟ ಪ್ರಶ್ನೆಗಳನ್ನೆಲ್ಲ ಕೇಳಿದೆವು. ಟೀಚರು ಒಂದೊಂದಕ್ಕೂ ಹೆಸರು ಹಿಡಿದು ಉತ್ತರ ಕೊಟ್ಟರು. ಸಾಗರದ ಶಾಲೆಯಿಂದ ಟಿಸಿ ತಂದರೆ ಸೇರಿಸಿಕೊಳ್ಳುತ್ತೇವೆ ಎಂದರು. ಸಂಜೆ ಮಧೂರಿಗೆ ಹೋದೆವು. ಮಧುವಾಹಿನಿ ಹೊಳೆ ಆಗಲೇ ದೇವಸ್ಥಾನದ ಅಂಗಳಕ್ಕೆ ಹತ್ತಿರ ಬಂದಿತ್ತು. ಮಳೆ ಜೋರಾದ ವರ್ಷಗಳಲ್ಲಿ ನೀರು ಒಳಗೂ ನುಗ್ಗುತ್ತದೆ. ಅತ್ತೆ ಅಪ್ಪ ಪ್ರಸಾದ ಕಟ್ಟಿಸಿಕೊಂಡರು. ವಿದ್ಯಾನಗರದಿಂದ ಇಷ್ಟು ಹತ್ತಿರ ಎಂದು ಗೊತ್ತಾದ ಮೇಲೆ ಅವರ ಕಡೆಯಿಂದ ತಕರಾರೇ ಉಳಿಯಲಿಲ್ಲ.

ರಾತ್ರಿ ಮಾಸ್ಟ್ರಿಗೆ ಮುಂಗಡ ಕೊಟ್ಟೆವು. 11 ತಿಂಗಳ ಕರಾರು. ಕರೆಂಟು ಬಿಲ್ಲು ಇಲ್ಲಿ ಎರಡು ತಿಂಗಳಿಗೊಮ್ಮೆ ಬರುತ್ತದೆ, ಮೊದಲ ಬಿಲ್ಲು ನೋಡಿ ಗಾಬರಿ ಆಗಬೇಡಿ ಎಂದು ಅವರ ಹೆಂಡತಿ ಹೇಳಿದರು. ಪ್ಲಾಸ್ಟಿಕನ್ನು ತೊಳೆದು ಒಣಗಿಸಿ ಇಡಬೇಕು, ಹರಿತ ಕರ್ಮ ಸೇನೆಯ ಹೆಂಗಸರು ಮನೆಗೇ ಬಂದು ಒಯ್ಯುತ್ತಾರೆ, ಅದಕ್ಕೆ ತಿಂಗಳ ಶುಲ್ಕ ಇದೆ. ಕಾರಿನದ್ದು ಮಾತ್ರ ಬಾಕಿ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಲ್ಲಿದ್ದರೆ ಇಲ್ಲಿಯ ನಂಬರ್ ಮಾಡಿಸಬೇಕು. ಅದಕ್ಕೆ ಸಾಗರದ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು. ಇವರು ಈ ವಾರ ಅದರ ಓಡಾಟದಲ್ಲಿದ್ದಾರೆ. ನಾನು ಪಾತ್ರೆ ಕಟ್ಟುತ್ತಿದ್ದೇನೆ. ಶಾಲೆ ಶುರುವಾಗುವ ಮುಂಚಿನ ಭಾನುವಾರಕ್ಕೆ ಲಾರಿ ಹೇಳಿದ್ದೇವೆ.